ಸ್ಲಾಟ್ ತಪ್ಪಿದ ರಾತ್ರಿ

ಕಾರವಾರದಲ್ಲಿ ಯಾರಾದರೂ ಕೆಲಸ ಏನೆಂದು ಕೇಳಿದರೆ ‘ಫ್ಲೈಟ್ ಡಿಸ್ಪ್ಯಾಚರ್’ ಅನ್ನುತ್ತೇನೆ. ‘ಪಾರ್ಸಲ್ ಕಳಿಸೂದಾ?’ ಅಂತಾರೆ. ವಿಮಾನ ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಇಂಧನ ತುಂಬಬೇಕು, ಇಳಿಯಲಾಗದಿದ್ದರೆ ಯಾವ ಊರಿಗೆ ತಿರುಗಬೇಕು ಎಂದು ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕುವವನು ನಾನು.

ಸೇರಿದ ಹೊಸತರಲ್ಲಿ ಪ್ಲಾನ್ ಫೈಲ್ ಮಾಡಿ ಕ್ಯಾಪ್ಟನ್‌ಗೆ ಬ್ರೀಫಿಂಗ್ ಕೊಟ್ಟರೆ ಬಹುಮಟ್ಟಿಗೆ ಮುಗಿಯಿತು. ಮುಂಬೈಯಲ್ಲಿ ಮಳೆ ಹೊಯ್ದರೂ ವಿಮಾನ ಟೈಮಿಗೆ ಹೊರಟು, ಅಲ್ಲಿ ಹೋಗಿ ಆಕಾಶದಲ್ಲಿ ಸುತ್ತುತ್ತಿತ್ತು. ಹಾಗೆ ಸುತ್ತುವ ಎ320 ಗಂಟೆಗೆ ಸುಮಾರು 2 ಟನ್ ಇಂಧನ ಸುಡುತ್ತದೆ. ಅದಕ್ಕೆಂದು ಜಾಸ್ತಿ ತುಂಬಿದರೆ ಆ ಭಾರ ಹೊರಲೂ ಇಂಧನವೇ ಬೇಕು.

2017ರಲ್ಲಿ ದೆಹಲಿಯಲ್ಲಿ ಫ್ಲೋ ಮ್ಯಾನೇಜ್‌ಮೆಂಟಿನ ಕೇಂದ್ರ ಶುರುವಾಯಿತು. ಇಳಿಯುವಲ್ಲಿ ದಟ್ಟಣೆಯಾದರೆ ಈಗ ಹೊರಡುವಲ್ಲೇ ತಡೆದು, ಪ್ರತಿ ವಿಮಾನಕ್ಕೂ ಟೇಕ್‌ಆಫ್ ಟೈಮ್ ಕೊಡುತ್ತಾರೆ: ಸಿಟಿಒಟಿ, ನಮ್ಮ ಬಾಯಲ್ಲಿ ಸ್ಲಾಟ್. 5 ನಿಮಿಷ ಮೊದಲು, 10 ನಿಮಿಷ ನಂತರ, ಅಷ್ಟೇ ಸಲಿಗೆ. ಅಮೆರಿಕದಲ್ಲಿ ಕಾನೂನಿನ ಪ್ರಕಾರ ಡಿಸ್ಪ್ಯಾಚರ್‌ಗೂ ಕ್ಯಾಪ್ಟನ್‌ನಷ್ಟೇ ಹೊಣೆ. ಇಲ್ಲಿ ಕೊನೆಯ ಮಾತು ಕ್ಯಾಪ್ಟನ್‌ದೇ, ಆದರೆ ಟೈಮಿಗಾಗಿ ಚೌಕಾಸಿ ಮಾಡುವುದು ನಾವು.

ಒಂದು ಜುಲೈ ರಾತ್ರಿ ಮುಂಬೈಗೆ ಹೋಗುವ ನಮ್ಮದೇ ಎರಡು ವಿಮಾನಗಳಿಗೆ ಸ್ಲಾಟ್ ಬಂತು. ಕೊಚ್ಚಿಯದಕ್ಕೆ ಮೊದಲು, ಬೆಂಗಳೂರಿನದಕ್ಕೆ ಆಮೇಲೆ. ಬೆಂಗಳೂರಿನದರಲ್ಲಿ ಮುಂದೆ ವಿದೇಶದ ವಿಮಾನ ಹಿಡಿಯುವವರು ತುಂಬ ಮಂದಿ. ಅದಲುಬದಲು ಮಾಡಿಸಿ, ಜಾಣತನ ಮಾಡಿದೆ ಅಂದುಕೊಂಡೆ. ಗೇಟಿಗೊಂದು ಫೋನ್ ಮಾಡಿದ್ದರೆ ಗೊತ್ತಾಗುತ್ತಿತ್ತು: ವೀಲ್‌ಚೇರಿನ ಇಬ್ಬರು ಅಜ್ಜಂದಿರು ಇನ್ನೂ ಬಂದಿರಲೇ ಇಲ್ಲ. 4 ನಿಮಿಷದ ಅಂತರದಲ್ಲಿ ಸ್ಲಾಟ್ ತಪ್ಪಿತು. ಮುಂದಿನದು 50 ನಿಮಿಷ ಆದಮೇಲೆ. ಕೊಚ್ಚಿಯ ಕ್ಯಾಪ್ಟನ್‌ ಬೈದದ್ದು ಬೇರೆ.

ಅಷ್ಟರಲ್ಲಿ ಅಮ್ಮನ ಫೋನ್. ‘ಊಟ ಆಯ್ತಾ ತಮಾ? ಇಲ್ಲಿ ಮಧ್ಯಾಹ್ನದಿಂದ ಒಂದೇ ಸಮ ಮಳೆ. ಸಂಜೆ ಕೂರ್ಮಗಡನೇ ಕಾಣಲಿಲ್ಲ.’

ಕೂರ್ಮಗಡ ನಮ್ಮ ಬೀಚಿನೆದುರೇ ಇರುವ ನಡುಗಡ್ಡೆ. ನನ್ನ ಪ್ಲಾನಿನಲ್ಲಿ ಆಲ್ಟರ್ನೇಟ್, ಅಂದರೆ ಮುಂಬೈಯಲ್ಲಿ ಇಳಿಯಲಾಗದಿದ್ದರೆ ತಿರುಗುವ ಊರು, ಗೋವಾ, ಕಾರವಾರದ ಪಕ್ಕದ್ದೇ. ವಿಮಾನ ನೆಲದಲ್ಲಿ ಕೂತಷ್ಟು ಹೊತ್ತೂ ಪ್ಲಾನಿನ ಹವಾಮಾನ ಹಳಸುತ್ತಿರುತ್ತದೆ ಎಂಬುದು ಸ್ಲಾಟಿನ ಗಡಿಬಿಡಿಯಲ್ಲಿ ಮರೆತೇಹೋಗಿತ್ತು. ವಿಮಾನ ನಿಲ್ದಾಣದ ಹವಾಮಾನ ವರದಿ, ಮೆಟಾರ್, ತೆಗೆದು ನೋಡಿದರೆ ಗೋವಾದ ವಿಸಿಬಿಲಿಟಿ ಆಗಲೇ ಬಿದ್ದಿತ್ತು. ಆಲ್ಟರ್ನೇಟ್ ಅಹಮದಾಬಾದ್‌ಗೆ ಬದಲಿಸಿ, ಇಂಧನದ ಲೆಕ್ಕ ಮತ್ತೆ ಮಾಡಿ, ಹೊಸ ಪ್ಲಾನ್ ಕಳಿಸಿದೆ.

‘ಗೋವಾ ಯಾಕೆ ಬಿಟ್ಟಿರಿ?’ ಬೆಂಗಳೂರಿನ ವಿಮಾನದ ಕ್ಯಾಪ್ಟನ್ ಕೇಳಿದರು.

‘ವಿಸಿಬಿಲಿಟಿ ಬೀಳ್ತಾ ಇದೆ ಸರ್’ ಅಂದೆ. ಕೂರ್ಮಗಡದ ಸುದ್ದಿ ಎತ್ತಲಿಲ್ಲ.