ಮನೋರೋಗ ವಾರ್ಡಿನಲ್ಲಿ ಕೆಲಸ ಮಾಡುವವರು ಸಾಂಕ್ರಾಮಿಕದ ಹೊತ್ತಲ್ಲಿ ತಮ್ಮ ಮನಸ್ಸು ಕಾಯ್ದುಕೊಳ್ಳುವುದು ಹೇಗೆ

ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು. ಅವರು ತೀರಿಕೊಂಡಿದ್ದು 2020ರ ಮಾರ್ಚ್ 10ರಂದು. ಹಾಗಾಗಿ ಬೇರೆ ಊರುಗಳಿಗಿಂತ ಮೊದಲೇ ಭಯ ನಮ್ಮ ಊರಿಗೆ ಬಂತು. ಐಸಿಯು ನರ್ಸುಗಳ ಕಷ್ಟ ಜನರಿಗೆ ಬೇಗ ಅರ್ಥವಾಯಿತು. ಮನೋರೋಗ ವಾರ್ಡಿನಲ್ಲಿ ಏನು ನಡೆಯುತ್ತಿದೆ ಅಂತ ಕೇಳಿದವರು ಕಡಿಮೆ.

ನಾನು ಇಲ್ಲಿ ಮನೋರೋಗ ವಾರ್ಡಿನ ನರ್ಸ್. ಹೊಸದಾಗಿ ಡ್ಯೂಟಿಗೆ ಬರುವವರಿಗೆ ಕೆಲಸ ಕಲಿಸುವುದೂ ನನ್ನ ಪಾಲಿಗೇ ಬಂದಿದೆ. ಇನ್ನೊಂದು ಸಾಂಕ್ರಾಮಿಕ ಬಂದರೆ ಅವರ ಕೈಯಲ್ಲಿ ಏನಾದರೂ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಬೀದರ್, ಯಾದಗಿರಿಯಲ್ಲಿ ಇದೇ ಕೆಲಸ ಮಾಡುವವರಿಗೂ ಉಪಯೋಗ ಆಗಬಹುದು.

ಎಲ್ಲಕ್ಕಿಂತ ಮೊದಲು ಒಂದು ಮಾತು. ನಿಮ್ಮ ಮನಸ್ಸು ಹೇಗಿದೆ ಅಂತ ನೀವೊಬ್ಬರೇ ತೀರ್ಮಾನ ಮಾಡಬೇಡಿ. ಆ ಕೆಲಸ ಜೊತೆಗಾರರಿಗೆ ಒಪ್ಪಿಸಿ. ಒಪ್ಪಿಸಿದ್ದನ್ನು ಡ್ಯೂಟಿ ಪಟ್ಟಿಯಲ್ಲೇ ಬರೆಸಿ. ರೋಗಿಗೆ ಎರಡು ವಾರ ನಿದ್ದೆ ಇಲ್ಲದಿದ್ದರೆ ಕೇಸ್ ಶೀಟಿನಲ್ಲಿ ಬರೆಯುವವರು ನಾವು. ನಮಗೇ ನಿದ್ದೆ ಬರದಿದ್ದರೆ ‘ನೈಟ್ ಡ್ಯೂಟಿ ಅಲ್ವಾ’ ಅಂತ ಬಿಟ್ಟುಬಿಡುತ್ತೇವೆ. ಲಕ್ಷಣಗಳೆಲ್ಲ ಬಾಯಿಪಾಠ ಇದ್ದವರಿಗೆ ಅವನ್ನು ತಮ್ಮಲ್ಲಿ ಮುಚ್ಚಿಡುವುದೂ ಚೆನ್ನಾಗಿ ಗೊತ್ತಿರುತ್ತದೆ.

ಜೋಡಿ ಮಾಡಿ, ಮೂರು ಪ್ರಶ್ನೆ ಕೇಳಿ

ಪ್ರತಿ ಶಿಫ್ಟಿನಲ್ಲಿ ಇಬ್ಬಿಬ್ಬರ ಜೋಡಿ ಇರಲಿ. ವಾರ್ಡಿನ ಒಳಗೆ ಹೋಗುವ ಮೊದಲು ಒಬ್ಬರನ್ನೊಬ್ಬರು ಕೇಳಬೇಕು. ‘ಹೇಗಿದ್ದೀರಿ’ ಅಂತ ಕೇಳಿ ಪ್ರಯೋಜನ ಇಲ್ಲ. ‘ಆರಾಮ ಅದೀನ್ರಿ’ ಅಂತ ಎಲ್ಲರೂ ಹೇಳಿಬಿಡುತ್ತಾರೆ. ಹೀಗೆ ಕೇಳಿ: ನಿನ್ನೆ ಎಷ್ಟು ತಾಸು ಮಲಗಿದ್ರಿ? ಊಟ, ನೀರು ಆಯ್ತಾ? ಇವತ್ತು ಯಾವ ರೋಗಿಯ ಹತ್ತಿರ ಹೋಗಲಿಕ್ಕೆ ಮನಸ್ಸಿಲ್ಲ?

ಮೂರನೆಯದು ಬಹಳ ಮುಖ್ಯ. ಮಾಸ್ಕ್ ಕಿತ್ತೆಸೆಯುವ, ರಾತ್ರಿಯಿಡೀ ಕೂಗುವ ರೋಗಿಯನ್ನು ಕಂಡಾಗ ‘ನಾಟಕ ಮಾಡ್ಲಿಕತ್ತಾನ’ ಅಂತ ನಿಮ್ಮೊಳಗೇ ಒಂದು ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲಸದ ಒತ್ತಡ ಬಹಳ ದಿನ ಮುಂದುವರಿದು ಮನಸ್ಸು ಸೋತುಹೋಗುವುದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದಕ್ಕೆ ಮೂರು ಗುರುತು ಹೇಳಿತು: ಶಕ್ತಿಯೆಲ್ಲ ಬತ್ತಿದಂತೆ ಆಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತಾನು ಮಾಡಿದ್ದರಿಂದ ಏನೂ ಆಗುತ್ತಿಲ್ಲ ಅನಿಸುವುದು. ಮೊದಲನೆಯದನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ. ಎರಡನೆಯದನ್ನು ಹೇಳಲು ನಾಚಿಕೆ. ಕನಿಕರ ಕಡಿಮೆ ಆಯ್ತು ಅಂತ ಯಾವ ನರ್ಸ್ ತಾನೇ ಬಾಯಿಬಿಟ್ಟು ಹೇಳುತ್ತಾಳೆ? ಅದಕ್ಕೇ ಈ ಪ್ರಶ್ನೆ. ಸತತ ಎರಡು ಮೂರು ದಿನ ಅದೇ ರೋಗಿಯ ಹೆಸರು ಬಂದರೆ ಆ ಬೆಡ್ ಬೇರೆಯವರಿಗೆ ಕೊಡಿ. ಇನ್‌ಚಾರ್ಜ್ ಸಿಸ್ಟರ್ ಕಾರಣ ಕೇಳಬಾರದು.

ಭಯ ಕಡಿಮೆ ಮಾಡುವ ಕೆಲಸಗಳು

ಭಯಕ್ಕೆ ಧೈರ್ಯದ ಮಾತಿಗಿಂತ ತಯಾರಿ ಜಾಸ್ತಿ ಕೆಲಸ ಮಾಡುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಮೇ 4ರವರೆಗೆ ಮದ್ಯದಂಗಡಿ ಮುಚ್ಚಿದ್ದವು. ದಿನಾ ಕುಡಿಯುವವರಿಗೆ ಒಮ್ಮೆಲೇ ನಿಂತುಹೋಯಿತು. ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು, ಹೊಡೆಯಲು ಬರುವುದು. ಇಂಥವರು ದಾಖಲಾದಾಗ ಮೊದಲು ಕೇಳಬೇಕಾದ್ದು ‘ಕೊನೆಗೆ ಕುಡಿದಿದ್ದು ಯಾವಾಗ’ ಅಂತ. ತೀವ್ರ ಗೊಂದಲ ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ ಬರುತ್ತದೆ. ಆ ತಾಸುಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಆ ರಾತ್ರಿ ಡ್ಯೂಟಿಯಲ್ಲಿ ಯಾರನ್ನೂ ಒಂಟಿಯಾಗಿ ಬಿಡಬೇಡಿ. ಯಾವಾಗ ಏನು ಬರಬಹುದು ಅಂತ ಗೊತ್ತಿದ್ದರೆ ಹೊಸ ಹುಡುಗಿಗೂ ಕೈ ನಡುಗುವುದಿಲ್ಲ. ಸ್ಯಾನಿಟೈಸರ್ ಬಾಟಲಿಗಳನ್ನು ರೋಗಿಗಳ ಕೈಗೆ ಸಿಗದಂತೆ ಇಡಿ. ಅದರಲ್ಲಿರುವುದೂ ಆಲ್ಕೋಹಾಲೇ, ಕುಡಿದರೆ ಜೀವಕ್ಕೆ ಅಪಾಯ.

ಪಿಪಿಇ ಕಿಟ್ ಹಾಕಿದರೆ ನಮ್ಮ ಮುಖವೇ ಹೋಗುತ್ತದೆ. ಉಳಿದ ವಾರ್ಡುಗಳಲ್ಲಿ ಅದು ತೊಂದರೆ ಅಷ್ಟೇ. ಇಲ್ಲಿ ನಮ್ಮ ಕೆಲಸದ ಅರ್ಧ ಭಾಗ ಮುಖದಿಂದಲೇ ಆಗುವುದು. ತನ್ನನ್ನು ಯಾರೋ ಹಿಡಿಯಲು ಬರುತ್ತಾರೆ ಅಂತ ನಂಬಿರುವ ರೋಗಿಯ ಮುಂದೆ ಬಿಳಿ ಸೂಟಿನವರು ನಿಂತರೆ ಅವನ ಅನುಮಾನ ನಿಜವಾದಂತೆ. ಕಿಟ್ ಹಾಕುವ ಮೊದಲು ಗಾಜಿನ ಕಿಟಕಿಯ ಹೊರಗೆ ನಿಂತು ಮುಖ ತೋರಿಸಿ, ಹೆಸರು ಹೇಳಿ. ಕಿಟ್‌ನ ಎದೆ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ಉರ್ದು ಓದುವವರಿದ್ದರೆ ಉರ್ದುವಿನಲ್ಲೂ. ರೋಗಿ ಹೆಸರು ಹಿಡಿದು ಕರೆದರೆ ನಿಮಗೂ ಜೀವ ಬಂದಂತಾಗುತ್ತದೆ.

ಇನ್ನು ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಹೊಸದಲ್ಲ. ಕಿಟ್ ಹಾಕುವ ಮೊದಲು ನೀರು, ಬಿಚ್ಚಿದ ಮೇಲೆ ನೀರು. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಎತ್ತುವುದಿಲ್ಲ. ನಮ್ಮಲ್ಲೂ ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಇದ್ದಾರೆ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು. ಬೆವರು ಸುರಿಸುತ್ತಾ ಕಿಟ್‌ನೊಳಗೆ ನಿಲ್ಲುವ ಮೊದಲು ತಮ್ಮ ಡಾಕ್ಟರ ಹತ್ತಿರ ಮಾತಾಡಲೇಬೇಕು. ಕೈ ಜೋರಾಗಿ ನಡುಗಿದರೆ, ವಾಂತಿ ಭೇದಿ ಆದರೆ, ಮಾತು ತೊದಲಿದರೆ ಆಗಲೇ ತೋರಿಸಬೇಕು. ಸುಸ್ತಾಗಿದೆ ಅಂತ ಸುಮ್ನೆ ಮಲಗಬಾರದು.

ಔಷಧಿ ಬೀರು

ನಿದ್ದೆ ಮಾತ್ರೆ ನಮ್ಮ ಕೈಗೆ ಸಿಗುವಷ್ಟು ಹತ್ತಿರ ಇರುತ್ತದೆ. ಕ್ಲೋನಾಜೆಪಾಮ್ ಅರ್ಧ ಮಾತ್ರೆ, ಒಂದೇ ರಾತ್ರಿ ಅಂತ ಶುರುವಾಗುತ್ತದೆ. ಅಭ್ಯಾಸ ಹೇಗೆ ಹತ್ತುತ್ತದೆ ಅಂತ ನಾವೇ ರೋಗಿಗಳ ಮನೆಯವರಿಗೆ ದಿನಾ ವಿವರಿಸುತ್ತೇವೆ. ಬೀರುವಿನ ಕೀ ಕೈ ಬದಲಾಗುವಾಗ ಇಬ್ಬರೂ ಕೂಡಿ ಎಣಿಸಿ ಸಹಿ ಹಾಕಿ. ಇದು ಅನುಮಾನದಿಂದ ಮಾಡುವ ಲೆಕ್ಕ ಅಲ್ಲ, ಇಬ್ಬರಿಗೂ ರಕ್ಷಣೆ. ನಿದ್ದೆ ಬರದಿದ್ದರೆ ಡಾಕ್ಟರ ಚೀಟಿ ಮೇಲೆ, ಹೊರಗಿನ ಅಂಗಡಿಯಿಂದ ತೆಗೆದುಕೊಳ್ಳಿ.

ಎಲ್ಲಿಗೆ ಹೋಗಬೇಕು

ಜೊತೆಗೆ ಕೆಲಸ ಮಾಡುವ ಡಾಕ್ಟರ ಮುಂದೆ ಕೂತು ಅಳುವುದು ಕಷ್ಟ. ನಾಳೆ ಅವರ ಜೊತೆಯೇ ರೌಂಡ್ಸ್ ಹೋಗಬೇಕು. ಊರೂ ಚಿಕ್ಕದು. ಹಾಗಿದ್ದರೆ ಹೊರಗೆ ಹೋಗಿ. 2022ರ ಅಕ್ಟೋಬರ್‌ನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರೋಗಿಯ ಗುಟ್ಟು ಕಾಪಾಡುವ ಹಕ್ಕು ಕೊಡುತ್ತದೆ. ನಾವು ರೋಗಿಗಳಾದಾಗ ಆ ಹಕ್ಕು ನಮ್ಮದೂ ಹೌದು. ಸಾಯಬೇಕು ಅನ್ನುವ ಯೋಚನೆ ಬಂದಿದ್ದರೆ ಮಾತ್ರ ಗುಟ್ಟು, ಮರ್ಯಾದೆ ಎಲ್ಲ ಆಮೇಲೆ. ಆ ಕ್ಷಣ ಹತ್ತಿರದಲ್ಲಿ ಯಾರಿದ್ದಾರೋ ಅವರಿಗೆ ಹೇಳಿ. ಕೇಳಿಸಿಕೊಂಡವರು ಹಾಗೆ ಹೇಳಿದವರನ್ನು ಒಂಟಿಯಾಗಿ ಬಿಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಸಾವು ಕಂಡ ದಿನ, ಏಟು ತಿಂದ ದಿನ ಎಲ್ಲರನ್ನೂ ಕೂರಿಸಿ ‘ಏನಾಯ್ತು, ಹೇಳಿ’ ಅಂತ ಒತ್ತಾಯ ಮಾಡಬೇಡಿ. ಹಾಗೆ ಒಮ್ಮೆಲೇ ಎಲ್ಲವನ್ನೂ ಹೇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವುದಿಲ್ಲ. ಚಹಾ ಕೊಡಿ. ಮನೆಗೆ ಬಿಟ್ಟು ಬನ್ನಿ. ಮಾತಾಡಬೇಕು ಅನಿಸಿದವರ ಜೊತೆ ಕೂತಿರಿ. ಮರುದಿನದ ಡ್ಯೂಟಿ ಹಗುರ ಮಾಡಿ.

ಮನೆ ಮಾಲೀಕರು, ಓಣಿಯವರು ಕಾಟ ಕೊಟ್ಟರೆ ಒಬ್ಬರೇ ಜಗಳಕ್ಕೆ ನಿಲ್ಲಬೇಡಿ. 2020ರ ಏಪ್ರಿಲ್‌ನ ಸುಗ್ರೀವಾಜ್ಞೆ, ಆಮೇಲೆ ಅದೇ ವರ್ಷದ ತಿದ್ದುಪಡಿ ಕಾಯ್ದೆ, ಸಾಂಕ್ರಾಮಿಕದ ಹೊತ್ತಲ್ಲಿ ಆರೋಗ್ಯ ಸಿಬ್ಬಂದಿಯ ಬದುಕಿಗೆ ಅಡ್ಡಿಯಾಗುವ ಕಿರುಕುಳವನ್ನೂ ಹಿಂಸೆ ಅಂತಲೇ ಎಣಿಸುತ್ತದೆ. ಜಾಮೀನು ಸುಲಭವಾಗಿ ಸಿಗದ ಅಪರಾಧ. ದೂರು ಆಸ್ಪತ್ರೆಯ ಪತ್ರದ ಜೊತೆ ಹೋಗಲಿ.

ಆಯಾ, ವಾರ್ಡ್ ಬಾಯ್, ಸೆಕ್ಯುರಿಟಿ

ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಮೇಲೆ ಬಿದ್ದ ರೋಗಿಯನ್ನು ಮೊದಲು ಹಿಡಿಯುವವರು ಅವರು. ಉಚ್ಚೆ, ವಾಂತಿ ಬಳಿಯುವವರು ಅವರು. ಆದರೆ ಒತ್ತಡದ ಬಗ್ಗೆ ತರಬೇತಿ ಅಂದರೆ ಡಾಕ್ಟರು, ನರ್ಸುಗಳಿಗಷ್ಟೇ ಪತ್ರ ಬರುತ್ತದೆ. ಗುತ್ತಿಗೆಯವರಿಗೆ ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ, ಹಾಗಾಗಿ ಜ್ವರ ಬಂದರೂ ಹೇಳುವುದಿಲ್ಲ. ಜೋಡಿ ಪಟ್ಟಿಯಲ್ಲಿ ಅವರ ಹೆಸರೂ ಇರಲೇಬೇಕು. ಆಯಾಗೆ ಇನ್ನೊಬ್ಬ ಆಯಾ ಜೋಡಿ ಅಂತಲ್ಲ, ನರ್ಸೇ ಜೋಡಿಯಾಗಲಿ. ಮೂರು ಪ್ರಶ್ನೆ ಅವರೂ ನಮ್ಮನ್ನು ಕೇಳಲಿ. ‘ಅಕ್ಕಾ, ಇವತ್ತು ಮುಖ ಯಾಕ ಸಣ್ಣಗದ?’ ಅಂತ ಮೊದಲು ಗಮನಿಸುವವರು ಬಹಳ ಸಲ ಅವರೇ. ಸಾಮಾನು ಬಂದಾಗ ಒಳ್ಳೆಯ ಮಾಸ್ಕ್ ಮೊದಲು ಅವರಿಗೆ ಕೊಡಿ.

ಅಲೆ ಇಳಿದ ಮೇಲೆ ಕೈತೊಳೆದುಕೊಳ್ಳಬೇಡಿ. ಓಡಾಟ ಇರುವಾಗ ಮನಸ್ಸು ಹೇಗೋ ತಡೆದಿರುತ್ತದೆ, ಬಿಡುವು ಸಿಕ್ಕಾಗ ಕೆಟ್ಟ ಕನಸು, ಬೆಚ್ಚಿ ಏಳುವುದು ಶುರುವಾಗಬಹುದು. ಒಂದು ತಿಂಗಳು ದಾಟಿದರೂ ಹೋಗದಿದ್ದರೆ ಚಿಕಿತ್ಸೆ ಬೇಕು. ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಮಾತಾಡಿಸುವ ತಾರೀಖುಗಳನ್ನು ಈಗಲೇ ರಿಜಿಸ್ಟರಿನಲ್ಲಿ ಬರೆಯಿರಿ. ಗುತ್ತಿಗೆ ಮುಗಿದು ಆಳಂದ, ಶಹಾಪುರ, ಹುಮನಾಬಾದ್ ಕಡೆಗೆ ಹೋದವರ ಫೋನ್ ನಂಬರ್ ಅದೇ ಪುಟದಲ್ಲಿರಲಿ. ಆ ತಾರೀಖಿಗೆ ಅವರಿಗೂ ಫೋನ್ ಹೋಗಬೇಕು.