ಪ್ರೋಗ್ರಾಂಗೆ ಮೊದಲು ಸೂಡೊಕೋಡ್: ಕನ್ನಡದಲ್ಲೇ ಬರೆಯುವುದು ಹೇಗೆ?

ಪ್ರೋಗ್ರಾಮಿಂಗ್ ಕಲಿಯಲು ಹೊರಟವರ ಮೇಲೆ ಎರಡು ಕೆಲಸಗಳು ಒಟ್ಟಿಗೆ ಬೀಳುತ್ತವೆ. ಲೆಕ್ಕ ಬಿಡಿಸುವ ದಾರಿ ಹುಡುಕಬೇಕು. ಜೊತೆಗೆ ಕೋಲನ್, ಆವರಣಗಳು ತಪ್ಪದಂತೆಯೂ ನೋಡಿಕೊಳ್ಳಬೇಕು. ಇವೆರಡನ್ನೂ ಬೇರೆ ಮಾಡಿಕೊಡುವುದೇ ಸೂಡೊಕೋಡ್. ಪ್ರೋಗ್ರಾಂ ಏನೇನು ಮಾಡಬೇಕೋ ಅದನ್ನು ಅದೇ ಕ್ರಮದಲ್ಲಿ, ಸಾಲು ಸಾಲಾಗಿ, ನಮ್ಮ ಮಾತಿನಲ್ಲಿ ಬರೆದುಕೊಳ್ಳುವುದು. ಇದನ್ನು ಓದುವವರು ಮನುಷ್ಯರೇ ಹೊರತು ಕಂಪ್ಯೂಟರ್ ಅಲ್ಲ. ಆದ್ದರಿಂದ ಕನ್ನಡದಲ್ಲಿ ಯೋಚಿಸುವವರು ಇದನ್ನು ಕನ್ನಡದಲ್ಲೇ ಬರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಧಿಕ ವರ್ಷವನ್ನು, ಅಂದರೆ ಫೆಬ್ರುವರಿಯಲ್ಲಿ 29 ದಿನ ಇರುವ ವರ್ಷವನ್ನು, ಗುರುತಿಸುವ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕಾಗದದ ಮೇಲ್ಭಾಗದಲ್ಲಿ ಮೊದಲು ಎರಡು ಸಾಲು ಬರೆಯಿರಿ. ಕೊಟ್ಟಿರುವುದು: ಒಂದು ಇಸವಿ. ಬೇಕಾದದ್ದು: ಅದು ಅಧಿಕ ವರ್ಷವೇ, ಸಾಮಾನ್ಯ ವರ್ಷವೇ ಎಂಬ ಉತ್ತರ.

ಬಳಿಕ ನಿಯಮ. ಋತುಗಳ ಒಂದು ಸುತ್ತು ಮುಗಿಯಲು 365 ದಿನಗಳ ಮೇಲೆ ಸುಮಾರು 5 ಗಂಟೆ 49 ನಿಮಿಷ ಬೇಕು. ಪೂರ್ತಿ 6 ಗಂಟೆ ಅಲ್ಲದ ಕಾರಣ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಒಂದು ದಿನ ಸೇರಿಸಿದರೆ ಲೆಕ್ಕ ಮೀರುತ್ತದೆ. 1582ರಲ್ಲಿ ಜಾರಿಗೆ ಬಂದ ಗ್ರೆಗೋರಿಯನ್ ಕ್ಯಾಲೆಂಡರ್ ಇದನ್ನು ಸರಿಪಡಿಸಿತು: 100ರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ, ಆದರೆ 400ರಿಂದಲೂ ಭಾಗವಾದರೆ ಅಧಿಕ ವರ್ಷವೇ.

ಹೊಸಬರು ಸಾಮಾನ್ಯವಾಗಿ ಹೀಗೆ ಆರಂಭಿಸುತ್ತಾರೆ:

ವರ್ಷ 4ರಿಂದ ನಿಶ್ಶೇಷವಾಗಿ ಭಾಗವಾದರೆ
    "ಅಧಿಕ ವರ್ಷ" ಎಂದು ತೋರಿಸು
ಇಲ್ಲವಾದರೆ, 100ರಿಂದ ಭಾಗವಾದರೆ
    "ಸಾಮಾನ್ಯ ವರ್ಷ" ಎಂದು ತೋರಿಸು

ಒಂದು ಸಾಲಿಗೆ ಒಂದೇ ಕೆಲಸ, ಷರತ್ತಿಗೆ ಒಳಪಟ್ಟ ಸಾಲು ಸ್ವಲ್ಪ ಒಳಕ್ಕೆ: ರೂಪವೇನೋ ಸರಿಯಾಗಿದೆ. ಈಗ 1900 ಎಂಬ ಇಸವಿಯನ್ನು ಕೊಟ್ಟು, ಬೆರಳಿಟ್ಟು ಒಂದೊಂದೇ ಸಾಲು ಓದಿ. 1900 ನಾಲ್ಕರಿಂದ ಭಾಗವಾಗುತ್ತದೆ. "ಅಧಿಕ ವರ್ಷ" ಎಂಬ ಉತ್ತರ ಅಲ್ಲೇ ಬಂತು, ಕೆಲಸ ಮುಗಿಯಿತು. 100ರ ಸಾಲಿಗೆ ಅದು ತಲುಪಲೇ ಇಲ್ಲ! ನಿಯಮ ಗೊತ್ತಿದ್ದೂ ಉತ್ತರ ತಪ್ಪಾಯಿತು, ಕಾರಣ ಕ್ರಮ. 1900ರಲ್ಲಿ ಎಡವಿದ ಪ್ರಸಿದ್ಧ ತಂತ್ರಾಂಶವೂ ಇದೆ. ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟ್ ತಂತ್ರಾಂಶ ಆ ವರ್ಷವನ್ನು ಅಧಿಕ ವರ್ಷವೆಂದು ಎಣಿಸಿತ್ತು. ಅದರ ಕಡತಗಳಿಗೆ ಹೊಂದಿಕೊಳ್ಳಲೆಂದು ಎಕ್ಸೆಲ್ ಕೂಡ ಅದನ್ನೇ ಉಳಿಸಿಕೊಂಡಿತು. ಇಲ್ಲದ 1900ರ ಫೆಬ್ರುವರಿ 29 ಎಕ್ಸೆಲ್‌ನಲ್ಲಿ ಇಂದಿಗೂ ಇದೆ.

ಅಪರೂಪದ ಷರತ್ತನ್ನು ಮೇಲಕ್ಕೆ ತಂದರೆ ನಮ್ಮ ಲೆಕ್ಕ ಸರಿಹೋಗುತ್ತದೆ:

ವರ್ಷವನ್ನು ಸಂಖ್ಯೆಯಾಗಿ ಪಡೆ
400ರಿಂದ ಭಾಗವಾದರೆ
    "ಅಧಿಕ ವರ್ಷ" ಎಂದು ತೋರಿಸು
ಇಲ್ಲವಾದರೆ, 100ರಿಂದ ಭಾಗವಾದರೆ
    "ಸಾಮಾನ್ಯ ವರ್ಷ" ಎಂದು ತೋರಿಸು
ಇಲ್ಲವಾದರೆ, 4ರಿಂದ ಭಾಗವಾದರೆ
    "ಅಧಿಕ ವರ್ಷ" ಎಂದು ತೋರಿಸು
ಯಾವುದೂ ಅಲ್ಲದಿದ್ದರೆ
    "ಸಾಮಾನ್ಯ ವರ್ಷ" ಎಂದು ತೋರಿಸು

ಪರೀಕ್ಷೆಗೆ 2000, 1900, 2024, 2023 ಸಾಕು. ನಾಲ್ಕೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲುತ್ತವೆ. ಹೀಗೆ ಪ್ರತಿಯೊಂದು ದಾರಿಗೂ ಒಂದು ಸಂಖ್ಯೆ ಆರಿಸಿಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಬಿಡಬೇಡಿ. 2023, 2024 ಮಾತ್ರ ಕೊಟ್ಟಿದ್ದರೆ ಮೊದಲಿನ ತಪ್ಪು ಸಿಗುತ್ತಲೇ ಇರಲಿಲ್ಲ.

ಇನ್ನು ಇದನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಇಳಿಸುವುದು ಸುಲಭ. "ಭಾಗವಾದರೆ" ಎಂಬುದು ಇಫ್ (if), "ಇಲ್ಲವಾದರೆ" ಎಲಿಫ್ (elif), ಕೊನೆಯದು ಎಲ್ಸ್ (else). ನಿಶ್ಶೇಷವೇ ಎಂದು ನೋಡಲು ಶೇಕಡಾ ಚಿಹ್ನೆ (%) ಬಳಸಿ. ಅದು ಶೇಷವನ್ನು ಕೊಡುತ್ತದೆ, ಶೇಷ ಸೊನ್ನೆಯಾಗಿರಬೇಕು. ಮೊದಲ ಸಾಲಿನ "ಸಂಖ್ಯೆಯಾಗಿ" ಎಂಬ ಮಾತನ್ನು ಮರೆಯಬೇಡಿ: ಟೈಪ್ ಮಾಡಿದ್ದನ್ನು ಪಡೆಯುವ ಇನ್‌ಪುಟ್ (input) ತಂದುಕೊಡುವುದು ಪಠ್ಯವನ್ನು, ಅದನ್ನು ಇಂಟ್ (int) ಮೂಲಕ ಸಂಖ್ಯೆ ಮಾಡಿಕೊಳ್ಳಬೇಕು.

ಮುಂದಿನ ಅಭ್ಯಾಸಕ್ಕೆ ಇಸವಿಯ ಜೊತೆ ತಿಂಗಳನ್ನೂ ತೆಗೆದುಕೊಂಡು, ಆ ತಿಂಗಳಲ್ಲಿ ಎಷ್ಟು ದಿನ ಎಂದು ಹೇಳುವ ಸೂಡೊಕೋಡ್ ಬರೆಯಿರಿ. ಮೇಲಿನ ಸಾಲುಗಳು ಫೆಬ್ರುವರಿಗೆ ಮಾತ್ರ ಬೇಕಾಗುತ್ತವೆ.