ಬಳ್ಳಾರಿಯ ಸಂಬಳ, ಲೀಡ್ಸ್‌ನ ಬಾಣಂತನ: ನನ್ನ ಅನುಭವ

ನಾನು ಬಳ್ಳಾರಿಯಲ್ಲಿದ್ದುಕೊಂಡು ಬೆಂಗಳೂರಿನ ಒಂದು ಲೆಕ್ಕಪತ್ರ ತಂತ್ರಾಂಶ ಕಂಪನಿಯ ಗ್ರಾಹಕ ಬೆಂಬಲ ವಿಭಾಗದಲ್ಲಿ ದುಡಿಯುತ್ತೇನೆ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಅಕೌಂಟೆಂಟರಿಗೆ ತಂತ್ರಾಂಶದಲ್ಲಿ ಎದುರಾಗುವ ತೊಡಕುಗಳನ್ನು ಬಿಡಿಸಿಕೊಡುವುದು ನನ್ನ ಕೆಲಸ. ಕೋವಿಡ್ ಕಾಲದಲ್ಲಿ ಊರಿಗೆ ಬಂದವಳು ಮತ್ತೆ ಬೆಂಗಳೂರಿಗೆ ಮನೆ ಬದಲಿಸಲಿಲ್ಲ. 2020ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆಯು ಕಾಲ್ ಸೆಂಟರ್‌ನಂಥ ಸೇವೆಗಳ ನಿಯಮಗಳನ್ನು ಸಡಿಲಿಸಿ, ಸಿಬ್ಬಂದಿ ದೇಶದೊಳಗೆ ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದೆಂದು ಹೇಳಿದ ಮೇಲೆ ನಮ್ಮ ಕಂಪನಿ ಆ ವ್ಯವಸ್ಥೆಯನ್ನು ಖಾಯಂ ಮಾಡಿತು. ಆನಂತರ ಅದಕ್ಕೆ ಇನ್ನೊಂದು ಕಲಮು ಸೇರಿತು: ಮೊದಲೇ ಒಪ್ಪಿಗೆ ಪಡೆದು, ಕಂಪನಿಯ ಪಟ್ಟಿಯಲ್ಲಿರುವ ದೇಶಗಳಿಂದ, ವರ್ಷಕ್ಕೆ 60 ದಿನ ಮೀರದಂತೆ ಕೆಲಸ ಮಾಡಬಹುದು. ಈ ಕಲಮನ್ನು ನಾನು 2025ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ತಂಗಿಯ ಬಾಣಂತನಕ್ಕೆ ಬಳಸಿಕೊಂಡೆ.

ಇಂಥ ನೀತಿಯಿಂದ ಏನು ಲಾಭ ಎಂದು ಕೇಳಿದರೆ ಹೆಚ್ಚಿನವರು ಕಡಲ ತೀರದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಚಿತ್ರವನ್ನೇ ಕಣ್ಣ ಮುಂದೆ ತಂದುಕೊಳ್ಳುತ್ತಾರೆ. ನನಗೆ ಆದ ಲಾಭ ರಜೆಯ ಲೆಕ್ಕದ್ದು. ವೈದ್ಯರು ಕೊಟ್ಟ ದಿನಾಂಕಕ್ಕೆ ಸರಿಯಾಗಿ ಹೆರಿಗೆಯಾಗುವುದು ಅಪರೂಪ. ರಜೆ ಹಾಕಿ ಹೋದವರು ದಿನ ಮುಂದಕ್ಕೆ ಹೋದಂತೆಲ್ಲ ಕಾಯುವುದರಲ್ಲೇ ರಜೆ ಸವೆಸಿ, ಕೂಸು ಬಂದ ಮರುವಾರ ಸೂಟ್‌ಕೇಸ್ ಕಟ್ಟಬೇಕಾಗುತ್ತದೆ. ಇಲ್ಲವೇ ಸಂಬಳ ಕಡಿತಕ್ಕೆ ಒಪ್ಪಬೇಕಾಗುತ್ತದೆ. ನಮ್ಮ ಬೀದಿಯಲ್ಲೇ ಮಗಳ ಬಾಣಂತನಕ್ಕೆಂದು ಹೋಗಲು ಕೆಲಸಕ್ಕೆ ರಾಜೀನಾಮೆ ಕೊಟ್ಟವರಿದ್ದಾರೆ. ನಾನು ಕಾಯುವ ದಿನಗಳಲ್ಲಿ ಕೆಲಸ ಮಾಡಿದೆ. ಗಳಿಕೆ ರಜೆಯನ್ನು ಮುಟ್ಟದೆ ಇಟ್ಟುಕೊಂಡು, ತಂಗಿ ಆಸ್ಪತ್ರೆಗೆ ಸೇರಿದ ದಿನದಿಂದ ಅದನ್ನು ಬಳಸಲಾರಂಭಿಸಿದೆ. ದಿನಾಂಕ ಕಳೆದು ಒಂದು ವಾರಕ್ಕೂ ಹೆಚ್ಚು ಕಾದರೂ ರಜೆ ಕರಗಲಿಲ್ಲವೆಂಬುದೇ ದೊಡ್ಡ ನೆಮ್ಮದಿ. ಒಬ್ಬಳೇ ವಿಮಾನ ಹತ್ತಲು ಅಂಜುತ್ತಿದ್ದ ಅಮ್ಮನಿಗೂ ಇದರಿಂದಾಗಿ ಜೊತೆ ಸಿಕ್ಕಿತು.

ಹೊರಡುವ ದಿನವನ್ನು ನಿರ್ಧರಿಸಿದ್ದು ಜಿಎಸ್‌ಟಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ಸಾರಾಂಶ ರಿಟರ್ನ್) ಸಲ್ಲಿಸಲು ಕೊನೆಯ ದಿನವಾದ್ದರಿಂದ ಆ ಹೊತ್ತಿಗೆ ನಮ್ಮ ವಿಭಾಗದಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆದ್ದರಿಂದ ಫೆಬ್ರವರಿ 20 ದಾಟಿದ ಮೇಲೆ ಹೊರಟು, ಮಾರ್ಚ್ 11ರ ಒತ್ತಡ ಶುರುವಾಗುವಷ್ಟರಲ್ಲಿ ಲೀಡ್ಸ್‌ನಲ್ಲಿ ನೆಲೆಯೂರುವಂತೆ ಟಿಕೆಟ್ ಮಾಡಿಸಿದೆ. ಬರೀ ರಜೆಯ ಮೇಲೆ ಹೋಗುವವರಿಗೆ ದಿನಾಂಕದ ಈ ಆಯ್ಕೆ ಇರುವುದಿಲ್ಲ; ವಾರದ ಮಧ್ಯದ ದಿನ ಆರಿಸಿದ್ದರಿಂದ ಟಿಕೆಟ್ ದರದಲ್ಲೂ ಸ್ವಲ್ಪ ಉಳಿಯಿತು.

ಈ ಪ್ರಯಾಣದಲ್ಲಿ ನನ್ನ ಶ್ರಮ ಹೆಚ್ಚು ಹೋಗಿದ್ದು ವೀಸಾ ಮತ್ತು ತೆರಿಗೆಯ ಕಾಗದಗಳಿಗೆ. ಪ್ರವಾಸಿ ವೀಸಾದ ಮೇಲೆ ಹೋಗಿ ಕಚೇರಿಯ ಕೆಲಸ ಮಾಡಲು ಎಲ್ಲ ದೇಶಗಳೂ ಬಿಡುವುದಿಲ್ಲ, ಎಷ್ಟೋ ದೇಶಗಳ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿಯೂ ಇಲ್ಲ. ಬ್ರಿಟನ್ 2024ರ ಜನವರಿ 31ರಿಂದ ತನ್ನ ನಿಯಮವನ್ನು ಬಿಡಿಸಿ ಹೇಳಿದೆ: ಸಂದರ್ಶಕರು ತಮ್ಮ ದೇಶದ ಉದ್ಯೋಗದಾತರಿಗೆ ಅಲ್ಲಿಂದ ಕೆಲಸ ಮಾಡಬಹುದು, ಆದರೆ ಬಂದ ಮುಖ್ಯ ಉದ್ದೇಶ ಆ ಕೆಲಸವಾಗಿರಬಾರದು. ಬ್ರಿಟನ್ ನಮ್ಮ ಕಂಪನಿಯ ಪಟ್ಟಿಯಲ್ಲಿರುವುದಕ್ಕೆ ಈ ಸ್ಪಷ್ಟತೆಯೇ ಕಾರಣ. ನಾನು ಎಚ್‌ಆರ್ ವಿಭಾಗದಿಂದ ಒಂದು ಪತ್ರ ಬರೆಸಿಕೊಂಡೆ. ನಾನು ಹೋಗುತ್ತಿರುವುದು ಕುಟುಂಬದ ಕಾರಣಕ್ಕೆ, ನನ್ನ ಸಂಬಳ ಭಾರತದಲ್ಲೇ ಜಮೆಯಾಗುತ್ತದೆ, ಅಲ್ಲಿನ ಯಾವ ಕಂಪನಿಗೂ ನಾನು ಕೆಲಸ ಮಾಡುವುದಿಲ್ಲ, ನನಗೆ ಕೊಟ್ಟಿರುವ ಲ್ಯಾಪ್‌ಟಾಪ್ ಕಂಪನಿಯ ಸ್ವತ್ತು ಎಂಬ ನಾಲ್ಕು ಸಂಗತಿಗಳು ಅದರಲ್ಲಿದ್ದವು. ವೀಸಾಕ್ಕೆ ಬೆರಳ ಗುರುತು ಕೊಡಲು ಅಮ್ಮನನ್ನು ಕರೆದುಕೊಂಡು ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗಿ, ಕೆಲಸ ಮುಗಿಸಿಕೊಂಡು ಬಂದೆ. ವಿಮಾನ ಇಳಿದ ಮೇಲೆ ವಲಸೆ ಅಧಿಕಾರಿ ಬಂದ ಕಾರಣ ಕೇಳಿದಾಗ ತಂಗಿಯ ಹೆರಿಗೆಗೆಂದೂ, ದಿನಕ್ಕೆ ಕೆಲವು ಗಂಟೆ ಭಾರತದ ಕಚೇರಿಯ ಕೆಲಸ ಮಾಡುವೆನೆಂದೂ ಇದ್ದದ್ದನ್ನು ಇದ್ದಂತೆ ಹೇಳಿ ಪತ್ರ ತೋರಿಸಿದೆ. ಅವರು ಓದಿ, ಮುದ್ರೆ ಒತ್ತಿದರು.

ತೆರಿಗೆಯ ವಿಷಯದಲ್ಲಿ ನೌಕರರಿಗಿಂತ ಕಂಪನಿಗೆ ಹೆಚ್ಚು ಭಯ. ಒಂದೇ ಆದಾಯಕ್ಕೆ ಎರಡೂ ಕಡೆ ತೆರಿಗೆ ಬೀಳದಂತೆ ಭಾರತ ಮತ್ತು ಬ್ರಿಟನ್ ಮಾಡಿಕೊಂಡಿರುವ ದ್ವಿತೆರಿಗೆ ತಡೆ ಒಪ್ಪಂದದ ಪ್ರಕಾರ, ಅಲ್ಲಿನ ತೆರಿಗೆ ವರ್ಷದಲ್ಲಿ 183 ದಿನ ಮೀರದೆ ಇದ್ದು, ಸಂಬಳ ಕೊಡುವವರು ಬ್ರಿಟನ್ನಿನವರಲ್ಲದಿದ್ದರೆ ಮತ್ತು ಆ ಸಂಬಳದ ಖರ್ಚು ಅಲ್ಲಿನ ಶಾಖೆಯ ಮೇಲೆ ಬೀಳದಿದ್ದರೆ, ಆ ಸಂಬಳಕ್ಕೆ ಬ್ರಿಟನ್ ತೆರಿಗೆ ಹಾಕುವುದಿಲ್ಲ. ಹಾಗಾಗಿ ನನ್ನ ಟಿಡಿಎಸ್, ಪಿಎಫ್ ಎಲ್ಲವೂ ಯಾವ ವ್ಯತ್ಯಾಸವೂ ಇಲ್ಲದೆ ಇಲ್ಲೇ ನಡೆದವು. ಆದರೆ ನೌಕರರೊಬ್ಬರು ಹೊರದೇಶದಲ್ಲಿ ಕುಳಿತು ಕಂಪನಿಯ ಪರವಾಗಿ ಕರಾರುಗಳಿಗೆ ಸಹಿ ಹಾಕತೊಡಗಿದರೆ, ಅಲ್ಲಿ ಕಂಪನಿಗೇ ಒಂದು ಶಾಶ್ವತ ವ್ಯವಹಾರ ನೆಲೆ ಇದೆಯೆಂದು ಆ ದೇಶದ ತೆರಿಗೆ ಇಲಾಖೆ ವಾದಿಸಿ, ಕಂಪನಿಯ ಲಾಭದ ಮೇಲೂ ತೆರಿಗೆ ಕೇಳಬಹುದು. ಈ ಕಾರಣಕ್ಕೇ ನಮ್ಮ ನೀತಿ 60 ದಿನಗಳ ಮಿತಿ ಇಟ್ಟು, ಹೊರಗಿನಿಂದ ಕರಾರು ಮತ್ತು ದರದ ಮಾತುಕತೆಗಳನ್ನು ನಿಷೇಧಿಸಿದೆ. ಗ್ರಾಹಕರ ಫೋನ್ ಕರೆಗಳನ್ನೂ ನನ್ನಿಂದ ತೆಗೆದು, ಲಿಖಿತ ದೂರುಗಳನ್ನು ಮಾತ್ರ ಕೊಟ್ಟರು. ಮೊದಲಿಗೆ ಇವೆಲ್ಲ ಅತಿ ಬಿಗಿ ಎನಿಸಿದ್ದುಂಟು. ಹಿಂದಿನ ಕಾರಣ ತಿಳಿದ ಮೇಲೆ ನನ್ನ ತಕರಾರು ಏನೂ ಉಳಿಯಲಿಲ್ಲ.

ತಾಂತ್ರಿಕ ಸಿದ್ಧತೆಯನ್ನು ಚುಟುಕಾಗಿ ಹೇಳುವೆ. ಹೊರದೇಶದಿಂದ ಲಾಗಿನ್ ಆದರೆ ನಮ್ಮ ಕಂಪನಿಯ ವ್ಯವಸ್ಥೆ ತಾನಾಗಿಯೇ ತಡೆಯುತ್ತದೆ, ಆದ್ದರಿಂದ ಐಟಿ ವಿಭಾಗದವರು ಬ್ರಿಟನ್ನಿಗೆ ಮೊದಲೇ ಅನುಮತಿ ಕೊಟ್ಟಿರಬೇಕು. ಭಾರತದ ಕೆಲವು ಸರ್ಕಾರಿ ಜಾಲತಾಣಗಳು ಹೊರದೇಶದಿಂದ ತೆರೆಯುವುದೇ ಇಲ್ಲವಾದ್ದರಿಂದ ಬೆಂಗಳೂರಿನ ಸರ್ವರ್ ಮೂಲಕ ಹೋಗುವ ವಿಪಿಎನ್ ಬೇಕೇ ಬೇಕು. ಬ್ಯಾಂಕಿನ ಒಟಿಪಿ ಬರಬೇಕಾದ ಸಿಮ್‌ಗೆ ಊರಲ್ಲಿದ್ದಾಗಲೇ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಬೇಕು. ಬ್ರಿಟನ್ನಿನ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿಗಳಿರುತ್ತವೆ, ನಮ್ಮ ದುಂಡು ಕಡ್ಡಿಯ ಚಾರ್ಜರ್‌ಗೆ ಅಡಾಪ್ಟರ್ ಒಯ್ಯಬೇಕು. ಕಂಪನಿಯ ಗುಂಪು ಆರೋಗ್ಯ ವಿಮೆ ಭಾರತದ ಹೊರಗೆ ನಡೆಯುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗೆ ಸಂದರ್ಶಕರು ದಾಖಲಾದರೆ ಸಾಮಾನ್ಯ ದರದ ಒಂದೂವರೆ ಪಟ್ಟು ಕಟ್ಟಬೇಕಾಗುತ್ತದೆ. ಹೀಗಾಗಿ ಅಮ್ಮನಿಗೂ ನನಗೂ ಪ್ರತ್ಯೇಕ ಪ್ರವಾಸ ವಿಮೆ ಮಾಡಿಸಿದೆ.

ದಿನಚರಿ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಹೊಂದಿಕೊಂಡಿತು. ಚಳಿಗಾಲದಲ್ಲಿ ಬ್ರಿಟನ್ ನಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ. ನಮ್ಮಲ್ಲಿ ಎಲ್ಲರೂ ಕಡ್ಡಾಯವಾಗಿ ಆನ್‌ಲೈನ್ ಇರಬೇಕಾದ ಅವಧಿ ಮಧ್ಯಾಹ್ನ 2ರಿಂದ 6. ಲೀಡ್ಸ್‌ನಲ್ಲಿ ಅದು ಬೆಳಿಗ್ಗೆ ಎಂಟೂವರೆಯಿಂದ ಹನ್ನೆರಡೂವರೆ. ಉಳಿದ ಗಂಟೆಗಳನ್ನು ನಸುಕಿನಲ್ಲೇ ಎದ್ದು ಮುಗಿಸುತ್ತಿದ್ದೆ. ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ದಿನದ ಕೆಲಸ ಮುಗಿದಿರುತ್ತಿತ್ತು. ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕಲು ಅಮ್ಮನಿಗೆ ಕೈಜೋಡಿಸುವುದು, ತಂಗಿಯನ್ನು ತಪಾಸಣೆಗೆ ಕರೆದೊಯ್ಯುವುದು ಎಲ್ಲವೂ ಆಮೇಲೆ. ಬಳ್ಳಾರಿಯಲ್ಲಿ ಸಂಜೆ ಏಳಕ್ಕೆ ಲ್ಯಾಪ್‌ಟಾಪ್ ಮುಚ್ಚುವ ನನಗೆ ಹಗಲಿನ ಅರ್ಧ ಪೂರಾ ಕೈಯಲ್ಲಿ ಉಳಿಯುವುದೇ ಹೊಸತು.

ಮಾರ್ಚ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. 2025ರಲ್ಲಿ ಅದು 30ನೇ ತಾರೀಖು, ಯುಗಾದಿಯ ದಿನವೇ ಬಿತ್ತು. ಮರುದಿನ ಹಣಕಾಸು ವರ್ಷದ ಕೊನೆಯ ದಿನ, ಸಾಲುಗಟ್ಟಿ ಬರುವ ದೂರುಗಳ ನಡುವೆ ನಮ್ಮ 2 ಗಂಟೆಯ ಸಭೆ ಎಂಟೂವರೆಯಿಂದ ಒಂಬತ್ತೂವರೆಗೆ ಜಾರಿ, ಮನೆಗೆ ಕೂಸನ್ನು ನೋಡಲು ಬರುವ ದಾದಿಯ ವೇಳೆಗೆ ಅಡ್ಡವಾಯಿತು. ಮ್ಯಾನೇಜರ್ ಸರ್‌ಗೆ ಹಿಂದಿನ ವಾರವೇ ತಿಳಿಸಿದ್ದರಿಂದ ಆ ಹೊತ್ತನ್ನು ಸಹೋದ್ಯೋಗಿಯೊಬ್ಬರು ನೋಡಿಕೊಂಡರು. ಭಾರತದಲ್ಲಿ ಗಡಿಯಾರ ಬದಲಿಸುವ ಪದ್ಧತಿ ಇಲ್ಲದ ಕಾರಣ ನಮ್ಮವರಿಗೆ ಇದು ಹೊಳೆಯುವುದಿಲ್ಲ, ಹೋದವರೇ ನೆನಪಿಸಬೇಕು.

ನೀತಿಯಲ್ಲಿ ಒಂದು ಕೊರತೆ ನನಗೆ ಎದ್ದು ಕಾಣುತ್ತದೆ. ನಮ್ಮ ಭಾಗದ ಎಷ್ಟೋ ಮನೆಗಳ ಮಕ್ಕಳು ಕೊಲ್ಲಿ ದೇಶಗಳಲ್ಲಿದ್ದಾರೆ, ಆದರೆ ಅವು ಯಾವುವೂ ಕಂಪನಿಯ ಪಟ್ಟಿಯಲ್ಲಿಲ್ಲ. ಕೊಪ್ಪಳದಿಂದ ಕೆಲಸ ಮಾಡುವ ನಮ್ಮ ಸಹೋದ್ಯೋಗಿಯೊಬ್ಬರ ಅಣ್ಣ ದುಬೈಯಲ್ಲಿದ್ದಾರೆ. ಹೊರಗಿನ ಕಂಪನಿಗೆ ದುಡಿಯುತ್ತ ಅಲ್ಲಿ ಒಂದು ವರ್ಷ ಇರಲು ಪ್ರತ್ಯೇಕ ವೀಸಾ ಇದೆಯಾದರೂ ಅದಕ್ಕೆ ತಿಂಗಳಿಗೆ 3,500 ಡಾಲರ್ ಆದಾಯ ತೋರಿಸಬೇಕು, ಬೆಂಬಲ ವಿಭಾಗದ ಸಂಬಳಕ್ಕೆ ಅದು ಎಟುಕುವ ಮಾತಲ್ಲ. ದುಬೈ ನಮಗಿಂತ ಒಂದೂವರೆ ಗಂಟೆಯಷ್ಟೇ ಹಿಂದಿರುವುದರಿಂದ ಕೆಲಸದ ವೇಳೆಗೆ ಯಾವ ಅಡ್ಡಿಯೂ ಇಲ್ಲ, ತೊಡಕಿರುವುದು ವೀಸಾದಲ್ಲಿ ಮಾತ್ರ. ಅಂಥವರಿಗೆ ಕೆಲಸದ ದಿನಗಳ ಬದಲು ಹೆಚ್ಚುವರಿಯಾಗಿ ಒಂದಿಷ್ಟು ಸಂಬಳಸಹಿತ ರಜೆ ಕೊಡಬೇಕೆಂದು ನಾವಿಬ್ಬರೂ ಸೇರಿ ಬರೆದುಕೊಟ್ಟಿದ್ದೇವೆ. ಅರ್ಜಿ ಇನ್ನೂ ಎಚ್‌ಆರ್ ವಿಭಾಗದಲ್ಲೇ ಇದೆ.